ಕ್ಲಚ್ ಪ್ಲೇಟಿನ ಅರ್ಧ ಪಾಲು

ಸನತ್‌ನಗರ, ಹೈದರಾಬಾದ್
3 ಜುಲೈ 1988

ಅಪ್ಪ,

‘ಸಾಷ್ಟಾಂಗ ನಮಸ್ಕಾರಗಳು’ ಎಂದು ಶುರು ಮಾಡಬೇಕಂತೆ, ಅವ್ವ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಬರೆಯುವುದಿಲ್ಲ. ನಾನು ನೆಲಕ್ಕೆ ಬೀಳದಿದ್ದರೂ ನಿಮ್ಮ ಮೇಲೆ ಎಷ್ಟು ಗೌರವ ಇಟ್ಟುಕೊಂಡಿದ್ದೇನೆ ಎಂಬುದು ನಿಮಗೆ ಗೊತ್ತು.

ಭಾವ ಕಣ್ಣಿನ ಡಾಕ್ಟರರ ಹತ್ತಿರ ಕಂಪೌಂಡರ್ ಆಗಿರುವುದರಿಂದ ಪೊರೆ ತೆಗೆಸಲು ಗುಲ್ಬರ್ಗಾಕ್ಕೇ ಹೋಗಬೇಕೆಂದು ಹಟ ಹಿಡಿದಿರಿ. ಪರಿಚಯದವರಿಲ್ಲದೆ ಒಬ್ಬ ದುಡಿಯುವ ಮನುಷ್ಯ ಈ ಊರಿನಲ್ಲಿ ಕಣ್ಣು ತೋರಿಸಿಕೊಳ್ಳಲು ಹೆದರುತ್ತಾನೆ ಎಂದರೆ ಅದು ಯಾರ ತಪ್ಪು? ಇರಲಿ, ಆ ಜಗಳವನ್ನು ಸ್ಟೇಶನ್ನಿನಲ್ಲೇ ಆಡಿ ಮುಗಿಸಿದ್ದೇವೆ.

ಗಾಡಿ ಚೆನ್ನಾಗಿದೆ. ಮೂವತ್ತೊಂದು ವರ್ಷ ಕಾರ್ಖಾನೆಯ ಗಾಡಿಗಳನ್ನು ಓಡಿಸಿ, ನಿವೃತ್ತಿಯ ಹಣವನ್ನೆಲ್ಲ ಸುರಿದು ಒಂದು ಹಳೆಯ ಪಿಕಪ್ ಕೊಂಡಿರಿ. ಅದನ್ನು ನಾಲ್ಕು ತಿಂಗಳೂ ಓಡಿಸಲಿಲ್ಲ, ಕಣ್ಣು ಮಂಜಾಯಿತು. ನೀವು ತಿರುಗಿ ಬಂದು ಸ್ಟೇರಿಂಗ್ ಹಿಡಿಯುವವರೆಗೆ ಅದು ಒಂದು ದಿನವೂ ನಿಲ್ಲಬಾರದು ಎಂದು ರೈಲಿನ ಕಿಟಕಿಯಿಂದ ಹೇಳಿದಿರಿ. ನಿಲ್ಲುವುದಿಲ್ಲ. ಇದು ನನ್ನ ಮಾತು.

ಒಂದು ಬದಲಾವಣೆ ಮಾಡಿದ್ದೇನೆ. ಕಣ್ಣು ಮಂಜಾದ ಮೇಲೆ ಗಾಡಿ ಓಡಿಸಲು ಇಟ್ಟುಕೊಂಡ ಸೋಮಣ್ಣನವರಿಗೆ ನೀವು ತಿಂಗಳ ಪಗಾರ, ಮೇಲೆ ದಿನದ ಭತ್ತೆ ಕೊಡುತ್ತಿದ್ದಿರಿ. ಎರಡನ್ನೂ ನಿಲ್ಲಿಸಿದೆ. ಕಾರ್ಮಿಕ ಸಂಘದ ಕಚೇರಿಯಿಂದ ತಂದ ಒಂದು ಕಿರುಹೊತ್ತಿಗೆಯಲ್ಲಿ ಬಹಳ ಸ್ಪಷ್ಟವಾಗಿ ಬರೆದಿದೆ: ದುಡಿಯುವವನಿಗೆ ಕೂಲಿ ಕೊಡುವುದೆಂದರೆ ಅವನ ಬೆವರಿನಲ್ಲಿ ಮುಕ್ಕಾಲನ್ನು ಇಟ್ಟುಕೊಂಡು ಕಾಲನ್ನು ದಾನ ಮಾಡುವುದು. ಇನ್ನು ಮೇಲೆ ಅವರು ನಮ್ಮ ಆಳಲ್ಲ, ಪಾಲುದಾರರು. ಬಾಡಿಗೆಯಲ್ಲಿ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅವರದು, ಅರ್ಧ ನಮ್ಮದು.

ಅವರು ಸಂತೋಷಪಡುತ್ತಾರೆಂದು ಅಂದುಕೊಂಡಿದ್ದೆ. ತಲೆ ಕೆರೆದುಕೊಂಡರು. “ಪಾಲು ಯಾಕ್ರೀ ಅಕ್ಕಾರ? ಭತ್ತೆ ಕೊಡ್ರಿ, ಸಾಕು. ದಿನಾ ಸಂಜಿಕ ಮನ್ಯಾಗ ಅಂಬವ್ವನ ಕೈಯಾಗ ಏನರ ಇಡಬೇಕಲ್ಲ” ಎಂದರು. ಇಷ್ಟು ವರ್ಷ ಕೈಯೊಡ್ಡಿ ಕೈಯೊಡ್ಡಿ ತಮ್ಮದೇ ಹಕ್ಕನ್ನು ಕಂಡರೂ ಹೆದರುವಂತಾಗಿದೆ. ವಾರಕ್ಕೊಮ್ಮೆ ಲೆಕ್ಕ ಮಾಡಿ ಕೊಡುತ್ತೇನೆ ಎಂದು ಹೇಳಿ ಒಪ್ಪಿಸಿದೆ.

“ನಿಮ್ಮಪ್ಪ ಬರೂತನಕರ ಗಾಡಿ ನಮ್ಮ ಮನಿ ಮುಂದ ಇರತೈತೋ, ಅದನ್ನೂ ಅರ್ಧ ಕೊಯ್ದು ಕೊಡತೀಯೋ?” ಇದು ಅವ್ವನ ಪ್ರಶ್ನೆ. ನೀವಾದರೂ ಅರ್ಥ ಮಾಡಿಕೊಳ್ಳುತ್ತೀರಿ.

ನಿಮ್ಮ ಮಗಳು
ಶಿವದೇವಿ


ಗುಲ್ಬರ್ಗಾ
14 ಜುಲೈ 1988

ಚಿರಂಜೀವಿ ಶಿವದೇವಿಗೆ,

ಅಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ. ಹೇಳಿದ್ದನ್ನು ಹೇಳಿದ ಹಾಗೇ ಬರಿ ಎಂದಿದ್ದಾರೆ. — ಕಮಲಾಕ್ಷಿ

ನಮಸ್ಕಾರ ಬರೀಲಿಲ್ಲ, ಬ್ಯಾಡ. ನಿಮ್ಮವ್ವಗ ಒಂದು ತುತ್ತು ಜಾಸ್ತಿ ಉಣಸು, ಅಷ್ಟ ಸಾಕು. ಕಣ್ಣಿನ ಪೊರಿ ಇನ್ನಾ ಹಣ್ಣಾಗಿಲ್ಲಂತ. ಮಾವಿನಕಾಯಿ ಐತೇನು ಹಣ್ಣಾಗಾಕ? ದಸರಾಕ್ಕ ಮಾಡ್ತಾರಂತ.

ಗಾಡಿ ಮುಂಜಾನಿ ಚಾಲೂ ಆಗೂಮುಂದ ಎಷ್ಟು ಸಲ ಕೆಮ್ಮತೈತಿ? ಎರಡು ಸಲ ಆದ್ರ ಸರಿ. ಮೂರಾದ್ರ ನನಗ ಬರಿ. ಚಾಲೂ ಆದಕೂಡ್ಲೆ ಓಡಿಸಬಾರದು. ಒಂದು ಕಪ್ಪು ಚಾ ಕುಡಿಯೂವಷ್ಟು ಹೊತ್ತು ಹಂಗ ಬಿಡ್ರಿ. ನನಗ ಆ ಸಪ್ಪಳ ಕೇಳಿದ್ರನ ಚಾ ಹೋಗತಿತ್ತು ಒಳಗ. ಇಲ್ಲಿ ನಿಮ್ಮಕ್ಕನ ಮನ್ಯಾಗ ಚಾ ಚಲೋನ ಮಾಡ್ತಾರ, ಆದ್ರ ಸಪ್ಪಳ ಇಲ್ಲ.

ಸೋಮಣ್ಣನ ಭತ್ತೆ ಬಂದ್ ಮಾಡಬ್ಯಾಡ. ಪಾಲು ಕೊಡೂದಿದ್ರ ಕೊಡು, ಭತ್ತೆ ಬಂದ್ ಮಾಡಬ್ಯಾಡ. ಯಾಕ ಅಂತ ಕೇಳಬ್ಯಾಡ. ನಾ ಮೂವತ್ತೊಂದು ವರ್ಷ ಭತ್ತೆ ತಿಂದೀನಿ.

ಆಶೀರ್ವಾದ.
ವೀರಭದ್ರಪ್ಪ

ನನ್ನದೊಂದು ಮಾತು: ಇಡೀ ದಿನ ಬಾಗಿಲಿನಲ್ಲಿ ಕೂತು ಹೋಗಿ ಬರುವ ಗಾಡಿಗಳನ್ನು ಸಪ್ಪಳದಿಂದಲೇ ಗುರುತಿಸಿ ಓಣಿಯ ಹುಡುಗರಿಗೆ ಹೇಳುತ್ತಾರೆ. ಬೈಯುವ ಪತ್ರ ಬರೆಯಬೇಡ, ಓದಿ ಹೇಳಬೇಕಾದವಳು ನಾನು. — ಕ.


ಸನತ್‌ನಗರ
21 ಆಗಸ್ಟ್ 1988

ಅಪ್ಪ,

ಎರಡೇ ಸಲ ಕೆಮ್ಮುತ್ತದೆ.

ನನ್ನ ಪದ್ಧತಿ ಗೆದ್ದಿದೆ. ಜುಲೈ ತಿಂಗಳಲ್ಲಿ ಸೋಮಣ್ಣನವರ ಪಾಲಿಗೆ ನೀವು ಕೊಡುತ್ತಿದ್ದುದರ ಒಂದೂವರೆ ಪಟ್ಟು ಬಂತು. ಹಣ ಕೈಗೆ ಕೊಟ್ಟಾಗ ಎರಡು ಸಲ ಎಣಿಸಿ, “ಇದು ತಪ್ಪಿ ಬಂದೈತೇನ್ರಿ?” ಎಂದರು. ಆದ್ದರಿಂದ ಭತ್ತೆಯ ಮಾತು ಮತ್ತೆ ಬೇಡ. ಯಾಕೆಂದು ಕೇಳಬೇಡ ಎಂದರೆ ನಾನು ಒಪ್ಪುವವಳಲ್ಲ, ಅದೂ ನಿಮಗೆ ಗೊತ್ತಿದೆ.

ಬೆಳಿಗ್ಗೆ ಅವರ ಪಕ್ಕದಲ್ಲಿ ಕೂತು ಜೀಡಿಮೆಟ್ಲಾಕ್ಕೆ ಹೋಗುತ್ತೇನೆ. ಔಷಧಿ ಕಾರ್ಖಾನೆಯ ರಟ್ಟಿನ ಪೆಟ್ಟಿಗೆಗಳನ್ನು ಏರಿಸಿಕೊಂಡು ಸಿಕಂದರಾಬಾದಿನ ರೈಲ್ವೆ ಪಾರ್ಸೆಲ್ ಕಚೇರಿಗೆ ಇಳಿಸುವುದು, ಬರುವಾಗ ಸಿಕ್ಕ ಮಾಲು ತರುವುದು. ಅಪ್ಪ, ಇಷ್ಟು ದಿನ ಇದೇ ರಸ್ತೆಯಲ್ಲಿ ಬಸ್ಸಿನಲ್ಲಿ ನಿಂತು, ಯಾರದೋ ಮೊಣಕೈ ಪಕ್ಕೆಲುಬಿಗೆ ತಗುಲಿಸಿಕೊಂಡು ಓಡಾಡಿದ್ದೇನೆ. ಆ ಎತ್ತರದ ಸೀಟಿನಲ್ಲಿ ಕೂತಾಗ ಇದೇ ಊರು ಬೇರೆಯೇ ಕಾಣುತ್ತದೆ. ಗೋಡೆಗಳ ಆಚೆಗೆ ಏನಿದೆ ಎಂದು ಕಾಣುತ್ತದೆ. ನೀವು ಈ ಗಾಡಿಗೆ ಯಾಕೆ ಮರುಳಾದಿರಿ ಎಂದು ತಿಳಿಯಿತು. ತಿಳಿದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು, ಯಾಕೆಂದರೆ ಆಸ್ತಿಯ ಸುಖದ ಬಗ್ಗೆ ನಾನು ಓದಿದ್ದೇ ಬೇರೆ.

ಹಿಂದಿನ ಸಾಲಿನ ಪಾರ್ವತಿಬಾಯಿಯವರ ಕಬ್ಬಿಣದ ಕಪಾಟನ್ನು ಅವರ ಮಗನ ಮನೆಗೆ ಮುಟ್ಟಿಸಿದೆವು. ಶ್ರಾವಣದ ಒಂದು ಭಾನುವಾರ ನಮ್ಮ ಸಾಲಿನ ಹೆಂಗಸರನ್ನೆಲ್ಲ ಹಿಂದೆ ಕೂರಿಸಿಕೊಂಡು ಝರಾಸಂಗಮದ ಗುಡಿಗೆ ಹೋಗಿ ಬಂದೆವು. ಅವ್ವ ಮುಂದೆ ಕೂಡಲಿಲ್ಲ. “ಗಾಳಿ ಹಿಂದನ ಛಲೋ ಬೀಸತೈತಿ” ಎಂದು ಹಿಂದೆಯೇ ಹತ್ತಿ ದಾರಿಯುದ್ದಕ್ಕೂ ಹಾಡು ಹೇಳಿಸಿದಳು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾಯಿದೆಗೆ ವಿರುದ್ಧ, ಗೊತ್ತು. ಆದರೆ ಯಾರಿಂದಲೂ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಬೇಸರದ ವಿಷಯಗಳೂ ಇವೆ. ಮಾಮೂಲು ಕೊಡುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಒಂದು ಚೌಕದಲ್ಲಿ ಪೊಲೀಸಿನವನು ಗಾಡಿ ನಿಲ್ಲಿಸಿ “ಏಮ್ಮಾ, ಓನರ್ ಎವರು?” ಎಂದ. ಓನರ್ ಅಂತ ಯಾರೂ ಇಲ್ಲ, ದುಡಿಯುವವರೆಲ್ಲ ಪಾಲುದಾರರು ಎಂದು ವಿವರಿಸಿದೆ. ಎರಡು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿಕೊಂಡ. “ಹತ್ತು ರೂಪಾಯಿದಾಗ ಹೋಗೂದನ್ನ ಭಾಷಣದಾಗ ಕಳದ್ರಿ” ಎಂದು ಸೋಮಣ್ಣನವರು ನಕ್ಕರು. ಗಾಡಿಗೆ ಬರೆದ ತೂಕಕ್ಕಿಂತ ಹೆಚ್ಚು ಹೇರುವುದಿಲ್ಲ ಎಂದದ್ದಕ್ಕೆ ಗೋದಾಮಿನ ಗುಮಾಸ್ತನೂ ನಗುತ್ತಾನೆ. ನಗಲಿ.

ಇನ್ನೊಂದು. ನಾನು ಗಾಡಿ ಕಲಿಯುತ್ತಿದ್ದೇನೆ! ಭಾನುವಾರ ಕಾರ್ಖಾನೆಗಳ ಹಿಂದಿನ ರಸ್ತೆ ಖಾಲಿ ಇರುತ್ತದೆ. ಸೋಮಣ್ಣನವರು ಪಕ್ಕದಲ್ಲಿ ಕೂತು “ಕಾಲ ತಗೀರಿ ಅಕ್ಕಾರ, ಕ್ಲಚ್ಚಿನ ಮ್ಯಾಲಿಂದ ಕಾಲ ತಗೀರಿ” ಎಂದು ಗೋಳಾಡುತ್ತಾರೆ. ಕಾಲು ತೆಗೆದರೆ ಗಾಡಿ ನನ್ನನ್ನು ಬಿಟ್ಟು ಹೋಗುತ್ತದೆ ಎಂದು ಅನ್ನಿಸುತ್ತದೆ. ಮುಂದಿನ ತಿಂಗಳು ಲೈಸೆನ್ಸು ಪಡೆಯುತ್ತೇನೆ.

ಶಿವದೇವಿ


ಸನತ್‌ನಗರ
9 ಅಕ್ಟೋಬರ್ 1988

ಅಪ್ಪ,

ನನಗೆ ತಲೆ ಕೆಟ್ಟಿದೆ.

ಗಾಡಿ ಎಂದರೆ ಬಾಯಿ ಮಾತ್ರ ಇರುವ ಪ್ರಾಣಿ ಎಂದು ಯಾರೂ ನನಗೆ ಹೇಳಿರಲಿಲ್ಲ. ನಿಂತರೂ ತಿನ್ನುತ್ತದೆ, ನಡೆದರೂ ತಿನ್ನುತ್ತದೆ. ಡೀಸೆಲ್ಲು ಕುಡಿಯುವುದು ಸರಿ, ಆದರೆ ಈ ಆಯಿಲ್ಲು, ಗ್ರೀಸು, ತೆರಿಗೆ, ವಿಮೆ, ಪರ್ಮಿಟ್ಟು? ಒಂದು ರಶೀದಿಯನ್ನು ಪೆಟ್ಟಿಗೆಯಲ್ಲಿ ಇಡುವಷ್ಟರಲ್ಲಿ ಇನ್ನೊಂದರ ದಿನ ಬಂದಿರುತ್ತದೆ. ಕಿರುಹೊತ್ತಿಗೆಗಳಲ್ಲಿ ಬಂಡವಾಳದ ಬಗ್ಗೆ ಬೇಕಾದಷ್ಟು ಇದೆ. ಟೈರಿನ ಬಗ್ಗೆ ಒಂದು ಸಾಲೂ ಇಲ್ಲ.

ಹಿಂದಿನ ಎಡಗಡೆಯ ಟೈರು ಕುಕಟ್‌ಪಲ್ಲಿಯ ಹತ್ತಿರ ಒಡೆಯಿತು. ರಿಪೇರಿಗೆ ಬರದಂತೆ ಸೀಳಿತ್ತು. ಹೊಸದೇ ತರಬೇಕಾಯಿತು. ಅದಾದ ಆರನೆಯ ದಿನ ಏರಿನಲ್ಲಿ ಗಾಡಿ ಸುಮ್ಮನೆ ಕೂಗುತ್ತ ನಿಂತಿತು, ಮುಂದಕ್ಕೆ ಹೋಗಲಿಲ್ಲ. ಸುಟ್ಟ ವಾಸನೆ. ಮೂಸಾಪೇಟೆಯ ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ ನೋಡಿದ. ಕ್ಲಚ್ ಪ್ಲೇಟು ಪೂರ್ತಿ ಸವೆದು ಹೋಗಿದೆಯಂತೆ. ಮತ್ತೇನೋ ಹೇಳಿದ, ಅವನ ಹಿಂದಿ ನನಗೆ ಅಷ್ಟು ತಿಳಿಯಲಿಲ್ಲ. ಹನ್ನೊಂದು ದಿನ ಗಾಡಿ ಅಲ್ಲೇ ಇತ್ತು.

ಸೆಪ್ಟೆಂಬರಿನಲ್ಲಿ ಲಾಭವಿಲ್ಲ, ಮೂರು ಸಾವಿರದ ಆರುನೂರು ನಷ್ಟ. ಇಲ್ಲಿ ನಾನು ನಿಮ್ಮ ಹಾಗೆ ಮೆತ್ತಗಾಗಬಹುದಿತ್ತು. ಆಗಲಿಲ್ಲ. ಲಾಭದಲ್ಲಿ ಸಮಾನ, ನಷ್ಟದಲ್ಲಿ ಮಾತ್ರ ಮಾಲೀಕ ಮತ್ತು ಆಳು ಎಂದರೆ ಅದು ಸಮಾನತೆಯ ನಾಟಕ. ಸೋಮಣ್ಣನವರಿಗೆ ಹಾಗೆಯೇ ಹೇಳಿದೆ. ಅವರು ಗಾಡಿಯ ಬಾಗಿಲು ಒರೆಸಿದರು. ಆಮೇಲೆ “ಆಯ್ತು ಅಕ್ಕಾರ” ಎಂದರು. ನಾಲ್ಕು ದಿನದಲ್ಲಿ ಸಾವಿರದ ಎಂಟುನೂರು ತಂದು ಕೊಟ್ಟರು. ಆ ಹೊತ್ತಿನಲ್ಲಿ ನನಗೆ ಅವರ ಬಗ್ಗೆ ಎಷ್ಟು ಹೆಮ್ಮೆ ಅನ್ನಿಸಿತು ಎಂದರೆ ಕೈ ಕುಲುಕಿದೆ.

ಗಾಡಿ ಮತ್ತೆ ಓಡುತ್ತಿದೆ. ಲೈಸೆನ್ಸು ಬಂದಿದೆ. ನಿಮ್ಮ ಕಣ್ಣಿನ ದಿನ ಗೊತ್ತಾಯಿತೆ?

ಶಿವದೇವಿ


ಗುಲ್ಬರ್ಗಾ
27 ಅಕ್ಟೋಬರ್ 1988

ಶಿವದೇವಿ,

ಬಲಗಣ್ಣಿಂದು ಮುಗಿದೈತಿ. ಪಟ್ಟಿ ಕಟ್ಯಾರ. ಅಳ್ಳಾಡಬ್ಯಾಡ ಅಂದಾರ, ಮಾತಾಡಬ್ಯಾಡ ಅಂತ ಅಂದಿಲ್ಲ.

ಸೋಮಣ್ಣನ ಕಡಿಂದ ರೊಕ್ಕ ತಗೊಂಡಿ? ಅವನ ಕೈಯಾಗ ಅಷ್ಟು ರೊಕ್ಕ ಎಲ್ಲಿಂದ ಬಂತು, ಕೇಳಿದೇನು?

ಇನ್ನೊಂದು ಕೇಳತೀನಿ. ಸೋಮಣ್ಣ ಕಾರ್ಖಾನಿ ಗಾಡ್ಯಾಗ ನನ್ನ ಬಾಜೂಕ ಕುಂತು ಹನ್ನೆರಡು ವರ್ಷ ಕಲತಾವ. ಅವನ ಕಾಲಾಗ ಪ್ಲೇಟು ಸುಡಂಗಿಲ್ಲ. ಮೇಸ್ತ್ರಿ ಏನಂದ? ನಿನಗ ಹಿಂದಿ ಯಾವಾಗಿಂದ ತಿಳೀವಲ್ದು? ಸಂಘದ ಮೆರವಣಿಗಿಯೊಳಗ ಹಿಂದಿಯೊಳಗನ ಒದರತಿದ್ದಿ.

ವೀರಭದ್ರಪ್ಪ

ಇದಕ್ಕಿಂತ ಬಹಳ ಹೇಳಿದರು. ನಾನು ಬರೆದಿಲ್ಲ. — ಕ.


ಸನತ್‌ನಗರ
20 ನವೆಂಬರ್ 1988

ಅಪ್ಪ,

ತಡವಾಯಿತು. ಕಣ್ಣಿನ ಪಟ್ಟಿ ಬಿಚ್ಚಿದ್ದಾರೆಂದು ಭಾವನ ಕಾರ್ಡಿನಿಂದ ತಿಳಿದು ಅವ್ವ ಬೆಲ್ಲ ಹಂಚಿದಳು.

ದೀಪಾವಳಿಗೆ ಊರಿಗೆ ಹೋಗುತ್ತೇನೆಂದು ಹೇಳಿಹೋದ ಸೋಮಣ್ಣನವರು ಇನ್ನೂ ಬಂದಿಲ್ಲ. ಹದಿಮೂರು ದಿನ. ಗಾಡಿ ಮನೆಯ ಮುಂದೆ ನಿಂತಿದೆ. ನಾನೇ ಓಡಿಸಬಹುದು, ಆದರೆ ಔಷಧಿ ಕಾರ್ಖಾನೆಯವರು ಹೆಣ್ಣುಮಗಳು ಓಡಿಸುವ ಗಾಡಿಗೆ ಮಾಲು ಕೊಡುವುದಿಲ್ಲ ಎಂದರು. ಮೂರು ಗೇಟುಗಳಲ್ಲಿ ಜಗಳವಾಡಿ ಬಂದೆ. ಬೇರೆ ಡ್ರೈವರುಗಳನ್ನು ಕರೆದರೆ ‘ಪಾಲು’ ಎಂಬ ಮಾತು ಕೇಳಿದ ಕೂಡಲೇ ಎದ್ದು ಹೋಗುತ್ತಾರೆ. ಒಬ್ಬನಂತೂ “ನಷ್ಟದಲ್ಲೂ ಅಂತೆ” ಎಂದು ಇನ್ನೊಬ್ಬನಿಗೆ ಹೇಳಿ ನಕ್ಕ. ಅವನಿಗೆ ಯಾರು ಹೇಳಿದರು?

ಈ ಜನರಿಗಾಗಿ ನಾನು ರಾತ್ರಿಯೆಲ್ಲ ಓದುತ್ತೇನೆ, ಇವರು ತಮ್ಮ ಹಕ್ಕನ್ನು ತಾವೇ ಒದ್ದುಕೊಂಡು ಹೋಗುತ್ತಾರೆ. ನಾಲ್ಕು ತಿಂಗಳು ಸಮನಾಗಿ ಕೂತು ಉಂಡವರು ಒಂದು ಮಾತು ಹೇಳದೆ ಬಿಟ್ಟು ಹೋದರೆ ಏನು ಅರ್ಥ?

ನೀವು ಕೇಳಿದ ಪ್ರಶ್ನೆಗಳಿಗೆ ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಈಗ ಅಂಚೆಗೆ ಹೊತ್ತಾಯಿತು.

ಶಿವದೇವಿ


ಗುಲ್ಬರ್ಗಾ
2 ಡಿಸೆಂಬರ್ 1988

ಪ್ರೀತಿಯ ಶಿವದೇವಿಗೆ,

ಇದು ನನ್ನದೇ ಪತ್ರ. ಅಪ್ಪನಿಗೆ ಗೊತ್ತಿಲ್ಲ.

ದಪ್ಪ ಗಾಜಿನ ಕನ್ನಡಕ ಬಂದಿದೆ. ಎದುರಿಗೆ ಇದ್ದದ್ದು ದೊಡ್ಡದಾಗಿ ಕಾಣುತ್ತದೆ, ಎರಡು ಪಕ್ಕಗಳಲ್ಲಿ ಇದ್ದದ್ದು ಕಾಣುವುದೇ ಇಲ್ಲ. ಮೊನ್ನೆ ಚಹದ ಕಪ್ಪು ಹಿಡಿಯಲು ಹೋಗಿ ಒಂದು ಗೇಣು ಮೊದಲೇ ಕೈ ಮುಚ್ಚಿದರು. ಎಡಗಣ್ಣಿನ ಹಿಂದೆ ನರವೇ ಒಣಗಿದೆ, ಅದಕ್ಕೆ ಆಪರೇಶನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ನಿನ್ನ ಭಾವನಿಗೆ ಹೇಳಿದ್ದಾರೆ. ಅಪ್ಪ ಇನ್ನು ಗಾಡಿ ಓಡಿಸುವ ಹಾಗಿಲ್ಲ. ಸೈಕಲ್ ಕೂಡ ಬೇಡ ಎಂದರು.

ಅದನ್ನು ಅವರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ. ಮಧ್ಯಾಹ್ನ ಮಲಗಿದಾಗ ಹೊದಿಕೆಯ ಕೆಳಗೆ ಅವರ ಕಾಲುಗಳು ಆಡುತ್ತಿರುತ್ತವೆ. ಎಡಗಾಲು ಒತ್ತುತ್ತದೆ, ಬಿಡುತ್ತದೆ. ಬಲಗಾಲು ಮೆಲ್ಲಗೆ ಇಳಿಯುತ್ತದೆ. ಯಾವ ಊರಿಗೆ ಹೋಗುತ್ತಿದ್ದಾರೋ.

ನೀನು ಅವರಿಗೆ ಏನೂ ಬರೆಯಬೇಡ. ಗಾಡಿ ನಿಂತಿದೆ ಎಂದು ಬರೆದ ನಿನ್ನ ಪತ್ರವನ್ನು ನಾನು ಓದಿ ಹೇಳಲಿಲ್ಲ, ಓಡುತ್ತಿದೆ ಎಂದೆ. ಹೇಗಾದರೂ ಮಾಡಿ ಆ ಸುಳ್ಳನ್ನು ನಿಜ ಮಾಡು.

ಕಮಲಾಕ್ಷಿ


ಸನತ್‌ನಗರ
18 ಡಿಸೆಂಬರ್ 1988

ಅಪ್ಪ,

ಅಕ್ಕ, ಇದನ್ನು ಒಂದು ಸಾಲೂ ಬಿಡದೆ ಓದು. ನನಗಾಗಿ ಒಳ್ಳೆಯ ಮಾತು ಸೇರಿಸಬೇಡ.

ಸೋಮಣ್ಣನವರು ಊರಿಗೆ ಹೋಗಿರಲಿಲ್ಲ. ಗುರುವಾರ ಎರ್ರಗಡ್ಡದ ಹತ್ತಿರ ಒಂದು ನೀರಿನ ಟ್ಯಾಂಕರು ನನ್ನ ಮುಂದೆಯೇ ಹಾದು ಹೋಯಿತು. ಓಡಿಸುತ್ತಿದ್ದವರು ಅವರೇ. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು. ಸಿಟ್ಟಿನಲ್ಲಿ ನೇರವಾಗಿ ಅವರ ಮನೆಗೆ ಹೋದೆ. ಅಂಬವ್ವನವರು ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಪಾಲುದಾರರು ಹೀಗೆ ಹೇಳದೆ ಕೇಳದೆ ಬಿಟ್ಟು ಹೋಗುವುದು ಸರಿಯೇ ಎಂದು ಕೇಳಿದೆ.

ಅವರು ಮೊರ ಕೆಳಗಿಟ್ಟರು. “ಪಾಲು, ಪಾಲು! ಇನ್ನೊಮ್ಮಿ ಆ ಮಾತು ನನ್ನ ಬಾಗಲಾಗ ಆಡಬ್ಯಾಡ್ರಿ. ನಿಮ್ಮಪ್ಪಾರು ಮಾಲಕ್ರಿದ್ರು, ನಾವು ಛಂದಾಗಿ ನಿದ್ದಿ ಮಾಡತಿದ್ವಿ. ಗಾಡಿ ಕೆಟ್ರ ಅವರ ತಲಿ ಬ್ಯಾನಿ. ನೀವು ಬಂದು ನಮ್ಮನ್ನೂ ಮಾಲಕ್ರನ್ನ ಮಾಡಿದ್ರಿ. ರಾತ್ರಿ ಎದ್ದು ಕುಂದ್ರಾವ ನನ್ನ ಗಂಡ, ಟೈರು ಏನಾತೋ, ಆಯಿಲ್ ಏನಾತೋ ಅಂತ. ನಾವೇನು ಗಾಡಿ ಬೇಡಿದ್ವೇನ್ರಿ ನಿಮ್ಮನ್ನ?”

ನೀವು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಆ ಸಾವಿರದ ಎಂಟುನೂರು ರೂಪಾಯಿಯನ್ನು ಅವರು ಟ್ಯಾಂಕರಿನ ಧಣಿಯ ಹತ್ತಿರ ಮುಂಗಡ ತೆಗೆದುಕೊಂಡು ನನಗೆ ತಂದು ಕೊಟ್ಟಿದ್ದಾರೆ. ದೀಪಾವಳಿಯೊಳಗೆ ತಿರುಗಿ ಕೊಡಲು ಆಗಲಿಲ್ಲ. ಈಗ ಅದು ತೀರುವವರೆಗೆ ಅರ್ಧ ಪಗಾರಕ್ಕೆ ಅವನ ಟ್ಯಾಂಕರು ಓಡಿಸಬೇಕು, ಬೇರೆ ಗಾಡಿ ಮುಟ್ಟುವ ಹಾಗಿಲ್ಲ. ಜೀತದ ವಿರುದ್ಧ ಗೋಡೆಗಳ ಮೇಲೆ ಬರೆದವಳು ನಾನು. ಒಬ್ಬ ಸ್ವತಂತ್ರ ಡ್ರೈವರನ್ನು ನನ್ನ ಕೈಯಾರೆ, ಸಮಾನತೆಯ ಹೆಸರಿನಲ್ಲಿ, ಜೀತಕ್ಕೆ ಇಟ್ಟಿದ್ದೇನೆ. ಕೈ ಬೇರೆ ಕುಲುಕಿದೆ.

ಎರಡನೆಯ ಪ್ರಶ್ನೆ. ಮೇಸ್ತ್ರಿ ಹೇಳಿದ್ದು ನನಗೆ ಚೆನ್ನಾಗಿಯೇ ತಿಳಿದಿತ್ತು. ಯಾರೋ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದ್ದಾರೆ ಎಂದ. ಸೋಮಣ್ಣನವರು ಅಲ್ಲೇ ಇದ್ದರು. ನನ್ನ ಕಡೆ ನೋಡಲಿಲ್ಲ. “ಹಳೀ ಗಾಡಿ, ಭಾಯ್” ಎಂದು ಮೇಸ್ತ್ರಿಗೆ ಹೇಳಿ ಮಾತು ಮುಗಿಸಿದರು. ನಾನು ಸುಟ್ಟ ಪ್ಲೇಟಿಗೆ ಅವರಿಂದ ಅರ್ಧ ವಸೂಲು ಮಾಡಿದೆ. ಸುಟ್ಟವಳು ನಾನು ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಿಮಗೆ ಬರೆಯುವಾಗಲೂ ಗೊತ್ತಿತ್ತು.

ಗಾಡಿ ಆರು ವಾರದಿಂದ ನಿಂತಿದೆ. ಅಕ್ಕ, ಇದನ್ನೂ ಓದು.

ಏನು ಮಾಡಬೇಕೋ ತಿಳಿಯುತ್ತಿಲ್ಲ. ನನ್ನ ಪೆಟ್ಟಿಗೆಯಲ್ಲಿರುವ ಹಣ ತೆರಿಗೆಗೂ ಸಾಲದು. ಬೈಯಿರಿ.

ಶಿವದೇವಿ


ಗುಲ್ಬರ್ಗಾ
6 ಜನವರಿ 1989

ಚಿರಂಜೀವಿ ಶಿವದೇವಿಗೆ,

ಕಮಲಾಕ್ಷಿ ಓದಿ ಹೇಳಿದ್ಲು. ಒಂದು ಸಾಲೂ ಬಿಟ್ಟಿಲ್ಲ, ಆಣಿ ಮಾಡಿಸೀನಿ. ಬೈ ಅಂದಿ. ಬೈಯಾಕ ಹೋದೆ, ಬರಲಿಲ್ಲ.

ಭತ್ತೆ ಬಂದ್ ಮಾಡಬ್ಯಾಡ ಅಂದಿದ್ದೆ. ಯಾಕ ಅಂತ ಈಗ ಹೇಳತೀನಿ. ನಾ ಕಾರ್ಖಾನಿಯೊಳಗ ಸೇರಿದ ಹೊಸದಾಗಿ ಒಂದು ಗಾಡಿ ಗ್ವಾಡಿಗಿ ಹಾಯಿಸಿದ್ದೆ. ದೊಡ್ಡ ಲುಕ್ಸಾನ. ಆವತ್ತ ಸಂಜಿಕೂ ನನ್ನ ಭತ್ತೆ ನನಗ ಕೊಟ್ರು. ಬೈದು ಕೊಟ್ರು, ಆದ್ರ ಕೊಟ್ರು. ಅದನ್ನ ತಗೊಂಡು ಮನಿಗಿ ಬಂದು ಉಂಡೆ. ಮರುದಿನ ಮತ್ತ ಸ್ಟೇರಿಂಗ್ ಹಿಡಿಯಾಕ ಕೈ ಬಂತು. ಲುಕ್ಸಾನ ಯಾರರ ಒಬ್ಬರು ನುಂಗಬೇಕವಾ. ಮಾಲಕ ಅಂತ ಒಬ್ಬನ್ನ ಅದಕ ಇಟ್ಟಿರತಾರ, ಲಾಭ ತಿನ್ನಾಕಷ್ಟ ಅಲ್ಲ. ನಿನ್ನ ಪುಸ್ತಕದಾಗಿನ ಮಾಲಕ್ರು ನುಂಗೂದಿಲ್ಲ, ಅದು ಅವರ ತಪ್ಪು. ನೀ ನುಂಗು.

ಎರಡನೇ ಮಾತು. ನನ್ನ ಕಣ್ಣಿಂದು ನನಗ ಗೊತ್ತೈತಿ. ಡಾಕ್ಟರನ್ನ ನಾನ ಕೇಳಿದೆ, ನವೆಂಬರದಾಗ. ನನಗ ಗೊತ್ತೈತಿ ಅಂತ ನಿಮ್ಮ ಭಾವಗ ಹೇಳಬ್ಯಾಡ್ರಿ ಅಂತ ಅವರಿಗೂ ಹೇಳಿದ್ದೆ. ಎಲ್ಲಾರೂ ಮುಚ್ಚಿಡಾಕತ್ತೀರಿ, ನಾನೂ ನಿಮ್ಮ ಸಲುವಾಗಿ ಮುಚ್ಚಿಟ್ಟಿದ್ದೆ. ಕಮಲಾಕ್ಷಿ ಅಳಾಕತ್ತಾಳ. ಅದನ್ನೂ ಬರಿ ಅಂದೀನಿ.

ನನ್ನ ಸಲುವಾಗಿ ಗಾಡಿ ಇಟ್ಟುಕೊಳ್ಳೂದು ಬ್ಯಾಡ. ಮಾರಬೇಕಂದ್ರ ಮಾರು, ಕಾಗದಾ ಎಲ್ಲಾ ಕಪಾಟಿನಾಗ ಅದಾವ. ಆದ್ರ ಸೋಮಣ್ಣನ್ನ ಬಿಡಿಸು. ಮೊದಲ ಅದು.

ವೀರಭದ್ರಪ್ಪ


ಸನತ್‌ನಗರ
5 ಫೆಬ್ರವರಿ 1989

ಅಪ್ಪ,

ನಿಮ್ಮ ಪತ್ರ ಬಂದ ಮರುದಿನವೇ ಟ್ಯಾಂಕರಿನ ಧಣಿಯ ಹತ್ತಿರ ಹೋದೆ. ಅವನು ಮರಳು, ಇಟ್ಟಿಗೆಯ ವ್ಯಾಪಾರವನ್ನೂ ಮಾಡುತ್ತಾನೆ. ಸೋಮಣ್ಣನವರ ಮುಂಗಡ ನನ್ನದು ಎಂದೆ. ಹಣವಿದೆಯೇ ಎಂದ. ಇಲ್ಲ, ಗಾಡಿ ಇದೆ ಎಂದೆ. ನನ್ನನ್ನೂ ಗಾಡಿಯನ್ನೂ ಮೇಲಿನಿಂದ ಕೆಳಗೆ ನೋಡಿದ. “ಯಾರು ನಡೆಸುತ್ತಾರೆ?” “ನಾನು.” ಬಹಳ ಹೊತ್ತು ನಕ್ಕು, ಡೀಸೆಲ್ಲು ನಿನ್ನದು, ಮೂವತ್ತು ಖೇಪು ಮರಳು ಹೊಡೆದರೆ ಅವನನ್ನು ಬಿಡುತ್ತೇನೆ ಎಂದ. ನ್ಯಾಯವಾದ ಬಾಡಿಗೆ ಹಿಡಿದರೆ ಹದಿನೈದು ಖೇಪಿಗೇ ಮುಗಿಯಬೇಕಿತ್ತು. ಅವನ ಜೊತೆ ಜಗಳ ಮಾಡುವ ಹಕ್ಕು ಇಷ್ಟು ದಿನ ನನಗಿದೆ ಎಂದು ತಿಳಿದಿದ್ದೆ. ಮಾಡಲಿಲ್ಲ.

ಡೀಸೆಲ್ಲಿಗೆ ಅವ್ವ ಹಿಟ್ಟಿನ ಡಬ್ಬಿಯಿಂದ ಹಣ ತೆಗೆದು ಕೊಟ್ಟಳು. “ನಿಮ್ಮಪ್ಪನ ಗಾಡಿಗೆ ಕೊಡಾಕತ್ತೀನಿ, ನಿನ್ನ ಸಿದ್ಧಾಂತಕ್ಕಲ್ಲ” ಎಂದು ಹೇಳಿಯೇ ಕೊಟ್ಟಳು.

ಮೂವತ್ತು ಖೇಪು ಹೊಡೆದೆ. ಅದರಲ್ಲಿ ನಾನು ಮಾಡದ ತಪ್ಪಿಲ್ಲ. ಅವನು ಹೇರಿಸಿದಷ್ಟು ಹೇರಿದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ನೆಲಕ್ಕೆ ಬಾಗಿದ್ದವು. ಚೌಕದಲ್ಲಿ ನಿಲ್ಲಿಸಿದಾಗ ಹತ್ತು ರೂಪಾಯಿ ಕೊಟ್ಟೆ. ಮೊದಲ ದಿನ ಅವನ ಮುಖ ನೋಡದೆ ಕೊಟ್ಟೆ, ನಾಲ್ಕನೆಯ ದಿನ ಪೊಲೀಸಿನವನೇ ಸಲಾಮು ಹೊಡೆದ. ಆ ಸಲಾಮಿನಷ್ಟು ಅವಮಾನ ನನಗೆ ಯಾವ ಬೈಗುಳದಿಂದಲೂ ಆಗಿಲ್ಲ. ಇದೆಲ್ಲ ಸರಿ ಎಂದು ನಾನು ಈಗಲೂ ಒಪ್ಪುವುದಿಲ್ಲ. ಮಾಡಿದೆ, ಅಷ್ಟೆ. ಸರಿಯಲ್ಲ ಎಂದು ಗೊತ್ತಿದ್ದೂ ಮಾಡಿದ್ದರ ಬಗ್ಗೆ ನನ್ನ ಯಾವ ಹೊತ್ತಿಗೆಯೂ ನನಗೆ ಸಹಾಯ ಮಾಡುತ್ತಿಲ್ಲ.

ಶುಕ್ರವಾರ ಧಣಿ ಮುಂಗಡದ ಚೀಟಿ ಹರಿದ. ಅದನ್ನು ತೆಗೆದುಕೊಂಡು ಸೋಮಣ್ಣನವರ ಮನೆಗೆ ಹೋದೆ. ಪ್ಲೇಟು ಸುಟ್ಟಿದ್ದು ನಾನು, ನಿಮ್ಮಿಂದ ಹಣ ತೆಗೆದುಕೊಂಡದ್ದು ತಪ್ಪು ಎಂದು ಅಂಬವ್ವನವರ ಮುಂದೆಯೇ ಹೇಳಿದೆ. ಸೋಮಣ್ಣನವರು “ಅದೇನು ಬಿಡ್ರಿ ಅಕ್ಕಾರ” ಎಂದರು. ಅಂಬವ್ವನವರು “ಬಿಡೂದ್ಯಾಕ? ಇನ್ನೊಮ್ಮಿ ಹೇಳ್ರಿ” ಎಂದರು. ಇನ್ನೊಮ್ಮೆ ಹೇಳಿದೆ.

ನಮ್ಮ ಗಾಡಿಗೆ ಬನ್ನಿ ಎಂದು ಸೋಮಣ್ಣನವರನ್ನು ಕರೆದೆ. ಮನೆಯವರೆಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹೊಡೆದು, ಬಾಗಿದ ಪಟ್ಟಿಗಳನ್ನು ಮುಟ್ಟಿ ನೋಡಿ, ತಲೆ ಅಲ್ಲಾಡಿಸಿ ಹೋದರು. ಬರುತ್ತಾರೋ ಇಲ್ಲವೋ ತಿಳಿಯದು. ಬರದಿದ್ದರೆ ತಪ್ಪು ನನ್ನದೇ.

ಗಾಡಿ ಮಾರುವುದಿಲ್ಲ. ನಿಮ್ಮ ಕಣ್ಣಿನ ಬಗ್ಗೆ ಏನು ಬರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದಿದ್ದೇನೆ. ನೀವು ಬನ್ನಿ.

ಶಿವದೇವಿ


ಎರ್ರಗಡ್ಡ, ಹೈದರಾಬಾದ
16 ಫೆಬ್ರವರಿ 1989

ವೀರಭದ್ರಪ್ಪ ಸಾಹೇಬರಿಗೆ ಸೋಮಣ್ಣನ ಶರಣಾರ್ಥಿ.

ನಾ ಸಾಲ್ಯಾಗ ಮೂರನೇತ್ತೆತನಕ ಕಲತಾವರಿ, ಅಕ್ಷರ ಸೊಟ್ಟ ಇದ್ರ ಕಮಲಾಕ್ಷಿ ಅಕ್ಕಾರು ನೋಡಿಕೊಂಡು ಓದಬೇಕು.

ಸಣ್ಣಕ್ಕಾರು ನನ್ನ ಸಲುವಾಗಿ ಮೂವತ್ತು ಖೇಪು ಉಸುಕು ಹೊಡದಾರ. ಒಂದಿನ ನನ್ನ ಟ್ಯಾಂಕರು ಅವರ ಹಿಂದನ ಇತ್ತು. ಏರಿನ್ಯಾಗ ಹಾರ್ನ ಹೊಡದೆ, ತಿರುಗಿ ನೋಡಲಿಲ್ಲ. ಅಳಾಕತ್ತಿದ್ರೇನೋ ಅಂತ ನನಗ ಸಂಶೆ. ನಾ ಹೇಳೀನಿ ಅಂತ ಹೇಳಬ್ಯಾಡ್ರಿ.

ಈಗ ಹಿಂದಿನ ಪಟ್ಟಿ ಎರಡು ಹೊಸದು ಹಾಕಿಸಬೇಕು. ಅದರ ಖರ್ಚು ನಂದು ಅಂದ್ರು ಸಣ್ಣಕ್ಕಾರು. ಆಗಲಿ ಅಂದೆ. ಭತ್ತೆ ದಿನಾ ಸಂಜಿಕ ಕೊಡತೀನಿ ಅಂದ್ರು. ಆಗಲಿ ಅಂದೆ. ಪಗಾರನೂ ಕೊಡತೀನಿ ಅಂದ್ರು. ಅದಕ್ಕೂ ಆಗಲಿ ಅಂದೆ. ಅಲ್ಲಿಗೆ ಮುಗೀತಿಲ್ರಿ? ಇಲ್ಲ. ಲಾಭ ಬಂದ್ರ ಅದರಾಗೂ ಪಾಲು ತಗೋಬೇಕಂತ, ಲುಕ್ಸಾನ ಬಂದ್ರ ಮಾತ್ರ ಅವರದಂತ. ಹಂಗ ಎಲ್ಲರ ಇರತೈತೇನ್ರಿ? ನಿಮ್ಮ ಪುಸ್ತಕದಾಗ ಹಂಗ ಬರದಾರೇನು ಅಂತ ಕೇಳಿದೆ. ಬರದಿಲ್ಲ, ನಾನ ಬರೀತೀನಿ ಅಂದ್ರು. ಎಂಟು ದಿನದಿಂದ ಇದ ಜಗಳ. ಅಂಬವ್ವ ಅವರ ಕಡಿ, ನಿಮ್ಮ ಮನಿ ಅವ್ವಾರು ನನ್ನ ಕಡಿ.

ನೀವು ಜಲ್ದಿ ಬಂದು ಬಗಿಹರಿಸಬೇಕ್ರಿ. ನಿಮ್ಮ ಕಣ್ಣಿನ ಸುದ್ದಿ ಕೇಳಿ ನಾ ಏನು ಹೇಳ್ಲಿ. ನೀವು ಬಾಜೂಕ ಕುಂತು ಹೇಳಾಕತ್ರ ನಾ ನಡಸತೀನಿ.

ನಾ ಅವರಿಗಿ ಇನ್ನಾ ಹೂಂ ಅಂದಿಲ್ಲ. ಇವತ್ತ ಮುಂಜಾನಿ ನಿಮ್ಮ ಗಾಡಿ ತಗೊಂಡು ಜೀಡಿಮೆಟ್ಲಾಕ್ಕ ಎರಡು ಸಲ ಹೋಗಿ ಬಂದೆ.

ತಮ್ಮ
ಸೋಮಣ್ಣ